ಪುಡಿಯತ್ತೆಯ ಮೂರು ಮಶೀನುಗಳು

ನಮ್ಮ ಬೀದಿಯ ಕೊನೆಯಲ್ಲಿ, ಹೊಲಿಗೆಯವನ ಅಂಗಡಿಗೂ ಸೈಕಲ್ ರಿಪೇರಿ ಶೆಡ್ಡಿಗೂ ನಡುವೆ, ಇಬ್ಬರು ನಿಂತರೆ ತುಂಬಿಹೋಗುವಂಥ ಒಂದು ಅಂಗಡಿ ಇತ್ತು. ಗೋಡೆ ಕೊರೆಯುವ ಡ್ರಿಲ್ ಮಶೀನುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಬಾಗಿಲ ಮೇಲೆ ಬೋರ್ಡಿರಲಿಲ್ಲ. ಒಳಗೆ ಕೂತಿರುತ್ತಿದ್ದ ಅರವತ್ತು ದಾಟಿದ ಹೆಂಗಸಿನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಇಡೀ ಬೀದಿಗೆ ಅವರು ಪುಡಿಯತ್ತೆ.

ಆ ಹೆಸರು ಬಂದದ್ದು ಅವರ ಒಂದು ಹಟದಿಂದ. ಯಾರೇ ಬಂದು "ಅತ್ತೆ, ಡ್ರಿಲ್ ಬೇಕಿತ್ತು" ಅಂದರೂ ಅವರು ಮಶೀನಿನ ಕಡೆ ಕೈ ಚಾಚುತ್ತಿರಲಿಲ್ಲ. ಮೇಜಿನ ಡ್ರಾಯರಿನಿಂದ ಹಿಡಿ ಸವೆದ ಒಂದು ಹಳೆಯ ಕೈ ಡ್ರಿಲ್ಲು ತೆಗೆದು, ಅದರ ಪಕ್ಕ ಒಂದು ಚೂರು ಕಾಗದ ಇಡುತ್ತಿದ್ದರು.

"ಬೋಲ್ಟ್ ಕೂರೋ ಜಾಗದಲ್ಲೇ ಒಂದು ಬೆರಳುದ್ದ ಕೊರೀಬೇಕು. ಮೊದಲು ಬರೋ ಪುಡಿ ಬಿಸಾಕು, ಅದು ಪ್ಲಾಸ್ಟರ್ ಪುಡಿ, ಅದನ್ನ ನಂಬಬೇಡ. ಕೊನೇಲಿ ಬರೋದನ್ನ ಪೊಟ್ಟಣ ಕಟ್ಕೊಂಡು ಬಾ. ಕೈ ಸೋತು ಬೆರಳುದ್ದ ಹೋಗಲೇ ಇಲ್ಲ ಅಂದ್ರೆ ಅದನ್ನೂ ಬಂದು ಹೇಳು. ಆಮೇಲೆ ಮಶೀನಿನ ಮಾತು."

ಹೊಸಬರು ಗೊಣಗುತ್ತಿದ್ದರು. ಹಳಬರು ತಮಾಷೆ ಮಾಡುತ್ತಿದ್ದರು. ನಲ್ಲಿ ರಿಪೇರಿಯವನಂತೂ ಪೊಟ್ಟಣ ಕೊಡುವಾಗಲೆಲ್ಲ, "ಹುಷಾರು ಅತ್ತೆ, ನಶ್ಯ ಅಂದ್ಕೊಂಡು ಮೂಗಿಗೆ ಏರಿಸಿಬಿಟ್ಟೀರಿ" ಅನ್ನುತ್ತಿದ್ದ.

"ನಿನ್ನ ಮೂಗಿಗೇ ಏರಿಸಬೇಕು ಕಣೋ. ತಲೇಲಿರೋ ಟೊಳ್ಳಾದ್ರೂ ಸ್ವಲ್ಪ ತುಂಬುತ್ತೆ."

ಅಂದುಕೊಂಡೇ ಅವರು ಪೊಟ್ಟಣ ಬಿಚ್ಚಿ, ಮೇಜಿನ ಮೇಲಿದ್ದ ಕರಿಯ ಕಲ್ಲಿನ ಚೂರಿನ ಮೇಲೆ ಪುಡಿ ಉದುರಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒರೆಯುತ್ತಿದ್ದರು. ಒಂದು ಹನಿ ನೀರು. ಮತ್ತೆ ಒರೆತ. ಬೂದು ಬಣ್ಣವಿದ್ದು, ಬೆರಳಿಗೆ ಜಲ್ಲಿಯ ಚೂಪು ಹತ್ತಿದರೆ ಕಾಂಕ್ರೀಟು. ಕೆಂಪಾಗಿ ನುಣ್ಣಗಿದ್ದರೆ ಇಟ್ಟಿಗೆ. ಆಗ ಇನ್ನೊಂದು ಪ್ರಶ್ನೆ: "ಕೊರೆಯುವಾಗ ಬಿಟ್, ಆ ಕೊರೆಯೋ ಕಡ್ಡಿ, ಒಮ್ಮೆಲೇ ಮುಂದಕ್ಕೆ ಮುಗ್ಗರಿಸ್ತಾ?" ಹೌದೆಂದರೆ ಒಳಗೆ ಟೊಳ್ಳು ಇಟ್ಟಿಗೆ.

ಅವರ ಹಿಂದಿನ ಹಲಗೆಯ ಮೇಲೆ ಮೂರೇ ಮಶೀನು. ಮೂರಕ್ಕೂ ಅವರೇ ಇಟ್ಟ ಹೆಸರು. ಸುಮ್ಮನೆ ತಿರುಗುವ ಸಣ್ಣದು ಚಿಕ್ಕಮ್ಮ. ಟೊಳ್ಳು ಇಟ್ಟಿಗೆಗೆ, ಟೈಲ್ಸಿಗೆ, ಮರಕ್ಕೆ. ತಿರುಗುತ್ತಲೇ ಟಕಟಕ ಕುಟ್ಟಿ ಮನೆಯೆಲ್ಲ ಒಂದು ಮಾಡುವ ನಡುವಿನದು ಜಗಳಗಂಟಿ; ಗಟ್ಟಿ ಇಟ್ಟಿಗೆಗೆ. ಒಳಗಿನಿಂದಲೇ ಸುತ್ತಿಗೆ ಬೀಸಿದಂತೆ ಗುದ್ದುವ, ಎತ್ತಿದರೆ ಮಣಿಕಟ್ಟು ಜಗ್ಗುವ ದೊಡ್ಡದು ದೊಡ್ಡಪ್ಪ, ಕಾಂಕ್ರೀಟಿಗೆ ಮಾತ್ರ. "ದೊಡ್ಡಪ್ಪನ ಮೇಲೆ ಒರಗಬಾರದು. ಅವರ ಪಾಡಿಗೆ ಅವರನ್ನ ಬಿಟ್ರೆ ಗೋಡೆ ತಾನೇ ದಾರಿ ಬಿಡುತ್ತೆ. ಆದ್ರೆ ಟೊಳ್ಳು ಗೋಡೆಗೆ ಮಾತ್ರ ದೊಡ್ಡಪ್ಪನ್ನ ಕಳಿಸಬೇಡಿ. ಹೊರಗೆ ಚಂದದ ತೂತು ಕಾಣುತ್ತೆ, ಒಳಗೆ ಇಟ್ಟಿಗೆ ಚೂರುಚೂರಾಗಿರುತ್ತೆ. ಬೋಲ್ಟು ಹಿಡ್ಕೊಳ್ಳೋದು ಯಾರನ್ನ? ಪ್ಲಾಸ್ಟರಿನ ಸಿಪ್ಪೇನ."

ನಾನು ಅವರಿಗೆ ಗಂಟುಬಿದ್ದದ್ದು ಮಗಳಿಂದಾಗಿ. ಹೊಟ್ಟೆಯಲ್ಲಿದ್ದಾಗಿನಿಂದ ಅವಳ ಬಗ್ಗೆ ಒಂದು ನೋಟ್‌ಬುಕ್ ಬರೆಯುತ್ತ ಬಂದಿದ್ದೇನೆ: ಮೊದಲ ಹಲ್ಲು, ಮೊದಲ ಜ್ವರ, ಮೊದಲು ನಿಂತ ದಿನ. ಹನ್ನೊಂದನೆಯ ತಿಂಗಳಿನಿಂದ ಆ ಪುಟಗಳಲ್ಲಿ ಪುಡಿಯತ್ತೆಯೂ ಬರತೊಡಗುತ್ತಾರೆ. ಬೆಳಗ್ಗೆ ಐದಕ್ಕೆ ವ್ಯಾನು ತೆಗೆದುಕೊಂಡು ಹೋಗಿ ಮಧ್ಯಾಹ್ನ ಬಂದು ಮಲಗುವ ಗಂಡ. ಅವರ ನಿದ್ದೆ ಕೆಡದಿರಲೆಂದು ನಾನು ಮಗುವನ್ನೆತ್ತಿಕೊಂಡು ಬೀದಿಗಿಳಿಯುತ್ತಿದ್ದೆ. ಅತ್ತೆಯ ಅಂಗಡಿಯಲ್ಲಿ ನೆರಳಿತ್ತು. ಮಗುವನ್ನು ಮೇಜಿನ ಮೇಲೆ ಕೂರಿಸಿ, ಬಾಯಿಗೆ ಹಿಡಿಸದಷ್ಟು ದೊಡ್ಡದೊಂದು ಕಬ್ಬಿಣದ ನಟ್ಟನ್ನು ಆಟಕ್ಕೆ ಕೊಡುತ್ತಿದ್ದರು. ಕೊಡುವ ಮುಂಚೆ ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಸೋಪು ಹಾಕಿ ತೊಳೆದು, ಸೆರಗಿನಲ್ಲಿ ಒರೆಸಿ, ಮೂಸಿ ನೋಡಿ ಕೊಡುತ್ತಿದ್ದರು.

ಕೆಮ್ಮು ಅವರ ಮಾತಿನ ನಡುವೆ ಬರುತ್ತಿತ್ತೋ, ಕೆಮ್ಮಿನ ನಡುವೆ ಮಾತು ಬರುತ್ತಿತ್ತೋ ಹೇಳುವುದು ಕಷ್ಟ. ಮೂವತ್ತು ವರ್ಷ ಮಶೀನುಗಳ ಕಿಂಡಿಗೆ ಬಾಯಿಟ್ಟು ಊದಿ ಧೂಳು ತೆಗೆದವರು. ಊದಿದ ಧೂಳು ಎಲ್ಲಿ ಹೋಗುತ್ತದೆ? ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿ, ಮೆಟ್ಟಿಲು ಹತ್ತಬೇಡಿ, ಧೂಳಿನ ಹತ್ತಿರ ಹೋಗಬೇಡಿ ಅಂದಿದ್ದರಂತೆ.

"ಒಳಗೆ ಅರ್ಧಕ್ಕರ್ಧ ಪ್ಲಾಸ್ಟರ್ ಆಗಿದೆಯಂತೆ ಕಣಮ್ಮಾ. ಇನ್ನು ಸುಣ್ಣ ಬಳಿದ್ರೆ ಗೃಹಪ್ರವೇಶ" ಅಂತ ಹೇಳಿ ಅವರೇ ನಕ್ಕು, ಆ ನಗುವಿಗೇ ಉಸಿರು ಸಾಲದೆ ಮೇಜು ಹಿಡಿದು ಬಗ್ಗಿದರು. ಮಗಳು ಅದೂ ಒಂದು ಆಟವೆಂದುಕೊಂಡು ಕೇಕೆ ಹಾಕಿದಳು.

ಪೊಟ್ಟಣದ ಹಟ ಯಾಕೆಂದು ಒಂದು ಮಧ್ಯಾಹ್ನ ಕೇಳಿದೆ. ಹೇಳಿದರು. ಅಳಲಿಲ್ಲ. ಡ್ರಿಲ್ ಬಿಟ್ಟಿಗೆ ಎಣ್ಣೆ ಒರೆಸುತ್ತಲೇ ಹೇಳಿದರು.

ಅವರ ಗಂಡ ಕೊರೆಯುವ ಕೆಲಸದವರು. ಊರಲ್ಲೆಲ್ಲ ಅವರ ಕೈಗೆ ಹೆಸರಿತ್ತು. ಅವರದೊಂದು ರೂಢಿ: ಕಂಬಿಯೋ ಕಟಕಟೆಯೋ ಕೂರಿಸಿದ ಮೇಲೆ, ಮನೆಯವರನ್ನು ಕರೆದು, ಅವರೆದುರೇ ಅದರ ಮೇಲೆ ತಮ್ಮ ಮೈಭಾರವೆಲ್ಲ ಬಿಟ್ಟು ಒರಗುವುದು. "ನನ್ನ ತೂಕವೇ ಗ್ಯಾರಂಟಿ ಸ್ವಾಮಿ" ಅನ್ನುವುದು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಲಾಡ್ಜಿನ ನಾಲ್ಕನೆಯ ಮಹಡಿಯ ಬಾಲ್ಕನಿಗೆ ಕಂಬಿ ಕಟ್ಟುವ ಕೆಲಸ ಬಂತು. ಮೊದಲ ದಿನ ಅವರಿಗೆ ಜ್ವರ. ಗೋಡೆ ನೋಡಿಕೊಂಡು ಬರಲು ಅತ್ತೆಯೇ ಹೋದರು. ತಲೆಯ ಪಿನ್ನು ತೆಗೆದು ಕೆರೆದರು, ಬೂದು ಪುಡಿ. ಗೆಣ್ಣಿನಿಂದ ಬಡಿದರು, ಗಟ್ಟಿಯಾಗಿ ಉತ್ತರ ಕೊಟ್ಟಿತು. ಮನೆಗೆ ಬಂದು "ಕಾಂಕ್ರೀಟು ಕಣ್ರೀ" ಅಂದರು.

"ಎರಡು ಬೆರಳು ದಪ್ಪ ಪ್ಲಾಸ್ಟರ್ ಬಳಿದಿದ್ರು. ಒಳಗೆಲ್ಲ ಟೊಳ್ಳು ಇಟ್ಟಿಗೆ. ಅವರು ದೊಡ್ಡಪ್ಪನ್ನ ತಗೊಂಡು ಹೋದ್ರು. ಸಂಜೆ ಒಳಗೆ ಮುಗಿಸಿ, ಲಾಡ್ಜಿನವರನ್ನ ಕರೆದು, ಒರಗಿದ್ರು."

ನಾನು ಮಗುವಿನ ಕಾಲು ಹಿಡಿದುಕೊಂಡೆ.

"ಆಮೇಲೆ ಆಸ್ಪತ್ರೆಯವರು ಬಟ್ಟೆ ಕೊಟ್ರು. ಅಂಗಿ ತೋಳು ಮಡಚಿದ್ದು ಹಾಗೇ ಇತ್ತು. ಮಡಿಕೆ ಬಿಚ್ಚಿದೆ ನೋಡು, ಕೆಂಪು ಪುಡಿ ಸುರೀತು. ಒಂದು ಹಿಡಿ." ಅವರು ಎಣ್ಣೆಯ ಬಟ್ಟೆ ಕೆಳಗಿಟ್ಟರು. "ಅವರು ಕಂಡಿರಲಿಲ್ವಾ ಅದನ್ನ? ಕಾಣದೇ ಹೋಗಿದ್ರೆ ಅವರ ಹಣೆಬರಹ, ಅಷ್ಟೇ. ಕಂಡೂ ಕೊರೆದಿದ್ರೆ ಅದು ನನ್ನ ಮಾತು ನಂಬಿ. ಹತ್ತೊಂಬತ್ತು ವರ್ಷದಿಂದ ಇದೊಂದೇ ಕೇಳ್ಕೋತಾ ಇದೀನಿ. ಯಾರನ್ನ ಕೇಳ್ಲಿ?"

ಇಷ್ಟೆಲ್ಲ ಕೇಳಿ ತಿಳಿದವಳು ನಾನು. ಅದಕ್ಕೇ ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ. ಆದರೂ ಬರೆಯುತ್ತೇನೆ.

ನಮ್ಮದು ಮೂರನೆಯ ಮಹಡಿ. ಐವತ್ತೆರಡು ಮೆಟ್ಟಿಲು, ದಿನಾ ಮಗುವನ್ನೆತ್ತಿಕೊಂಡು ಎಣಿಸಿದ ಲೆಕ್ಕ. ಇರುವುದೊಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಮಂಚದ ಪಕ್ಕದ ಕಿಟಕಿಗೆ ಗ್ರಿಲ್ ಇರಲಿಲ್ಲ. ಕೆಳಗೆ ಸಿಮೆಂಟಿನ ಅಂಗಳ, ಅಲ್ಲಿ ನೀರಿನ ಡ್ರಮ್ಮುಗಳು. ಮಗಳು ನಡೆಯುವ ಮುಂಚೆಯೇ ಹತ್ತುವುದನ್ನು ಕಲಿತಳು. ಹದಿನಾಲ್ಕು ತಿಂಗಳು ತುಂಬಿದ ವಾರ ಒಂದು ಬೆಳಗ್ಗೆ ನಾನು ಹಾಲು ಇಳಿಸಿ ಬರುವಷ್ಟರಲ್ಲಿ ದಿಂಬಿನ ಮೇಲೆ ನಿಂತು, ಹೊಟ್ಟೆಯ ತನಕ ಹೊರಗೆ ಬಾಗಿ, ಡ್ರಮ್ಮಿನ ಮೇಲಿದ್ದ ಬೆಕ್ಕನ್ನು ಕರೆಯುತ್ತಿದ್ದಳು. ಉಸಿರು ಬಿಡದೆ ಹಿಂದಿನಿಂದ ಹೋಗಿ ಫ್ರಾಕು ಹಿಡಿದೆ. ಅವಳನ್ನು ಅವಚಿಕೊಂಡು ನೆಲದ ಮೇಲೆ ಕೂತವಳು ಏಳುವಷ್ಟರಲ್ಲಿ ಹಾಲು ಆರಿ ಕೆನೆಗಟ್ಟಿತ್ತು.

ಅಂದೇ ವೆಲ್ಡಿಂಗಿನವನಿಗೆ ಹೇಳಿದೆ. ಮೂರು ದಿನದಲ್ಲಿ ಗ್ರಿಲ್ ತಂದು ಗೋಡೆಗೊರಗಿಸಿದ. ಬೋಲ್ಟ್ ಹಾಕಲು ಎಡಕ್ಕೆರಡು ಬಲಕ್ಕೆರಡು ಕಬ್ಬಿಣದ ಕಿವಿ. ಗಂಡನಿಗೆ ಮಾರನೆಯ ದಿನ ರಜೆ, ಬಿಟ್ಟರೆ ಇನ್ನು ಹತ್ತು ದಿನ ಇಲ್ಲ. "ನಾಳೆ ಹಾಕಿಬಿಡೋಣ, ಅತ್ತೆ ಹತ್ರ ಮಶೀನ್ ತಂದಿಡು" ಅಂದು ಮಲಗಿದರು.

ಅತ್ತೆ ಎಂದಿನಂತೆ ಕೈ ಡ್ರಿಲ್ಲು, ಕಾಗದ ಕೊಟ್ಟರು. ಮನೆಗೆ ಬಂದೆ. ಮಗಳಿಗೆ ಹಲ್ಲು ಬರುವ ಕಿರಿಕಿರಿ, ಸೊಂಟದಿಂದ ಇಳಿಯಲೊಲ್ಲಳು. ಕೈ ಡ್ರಿಲ್ಲಿಗೆ ಎರಡು ಕೈ ಬೇಕು: ಒಂದು ಒತ್ತಲು, ಒಂದು ತಿರುಗಿಸಲು. ಗ್ರಿಲ್ಲಿನ ಕಿವಿ ಕೂರುವ ಜಾಗ ಕಿಟಕಿಯ ಪಕ್ಕದ ಗೋಡೆ, ಕೆಳಗಿನದೇ ನನ್ನ ಎದೆಯೆತ್ತರ. ಎರಡು ಸಲ ಜಾರಿತು. ಮಗಳು ಕೂದಲು ಹಿಡಿದೆಳೆದಳು. ಕಿಟಕಿಯ ಕೆಳಗಿನ ಕಟ್ಟೆ ಮಾತ್ರ ಸೊಂಟದ ಮಟ್ಟಕ್ಕಿತ್ತು; ಡ್ರಿಲ್ಲಿನ ಹಿಡಿಗೆ ಹೊಟ್ಟೆ ಒತ್ತಿ ಒಂದೇ ಕೈಯಲ್ಲಿ ತಿರುಗಿಸಬಹುದಿತ್ತು. ಒಂದೇ ಬಣ್ಣ, ಒಂದೇ ಮನೆ, ಒಂದೇ ಗೋಡೆ ತಾನೇ ಅಂದುಕೊಂಡೆ. ಅಲ್ಲಿ ಕೊರೆದೆ. ಅರ್ಧ ಬೆರಳೂ ಹೋಗಲಿಲ್ಲ. ಬೂದು ಪುಡಿ ಬಂತು, ಒಂದು ಚಿಟಿಕೆ. ಕಟ್ಟಿಕೊಂಡು ಹೋದೆ.

ಅತ್ತೆ ಒರೆದು ನೋಡಿದರು. ನೀರು ಹಾಕಿ ನೋಡಿದರು. "ಒಳ್ಳೇ ಜಲ್ಲಿ. ಕಾಂಕ್ರೀಟೇ. ಬೋಲ್ಟ್ ಕೂರೋ ಜಾಗದ್ದೇ ತಾನೇ?"

"ಹೂಂ ಅತ್ತೆ."

ಒಂದೇ ಅಕ್ಷರ. ಹೊಟ್ಟೆಯಲ್ಲಿ ಕಳ್ಳತನವೇನೂ ಇರಲಿಲ್ಲ. ಮಗು ಅಳುತ್ತಿತ್ತು, ಅಷ್ಟೇ. ಮತ್ತೆ ಐವತ್ತೆರಡು ಮೆಟ್ಟಿಲು ಹತ್ತಿ ಮತ್ತೆ ಕೊರೆಯುವ ತ್ರಾಣ ನನಗಿರಲಿಲ್ಲ. ಅತ್ತೆ ದೊಡ್ಡಪ್ಪನನ್ನು ಚೀಲಕ್ಕಿಳಿಸಿ, ಬಿಟ್ಟಿಗೆ ಎಷ್ಟು ಆಳ ಹೋಗಬೇಕೆಂದು ಟೇಪು ಸುತ್ತಿ ಗುರುತು ಮಾಡಿ ಕೊಟ್ಟರು. ಮನೆಗೆ ಬಂದು ಗಂಡನಿಗೆ, "ಕಾಂಕ್ರೀಟೇ" ಅಂದೆ.

ಮಾರನೆಯ ದಿನ ಗಂಡ ಕೊರೆಯುವಾಗ ನಾನು ಮಗುವನ್ನು ಕಟ್ಟಿಕೊಂಡು ಅಡುಗೆಮನೆಯಲ್ಲಿದ್ದೆ. ಧೂಳು ಬರದಿರಲೆಂದು ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೆ. ಒಂದೊಂದು ತೂತಿಗೆ ಒಂದೊಂದು ಗುಟುಕು ನೀರು ಕುಡಿಯುವಷ್ಟೇ ಹೊತ್ತು ಹಿಡಿಯಿತು. "ಏನು ಮಶೀನಪ್ಪಾ ಇದು!" ಅಂತ ಆಚೆಯಿಂದ ಗಂಡ ಹಿಗ್ಗಿ ಕೂಗಿದ್ದು ಕೇಳಿಸಿತು. ಬಾಗಿಲು ತೆಗೆದಾಗ ಗ್ರಿಲ್ ಕೂತಿತ್ತು. ಕೋಣೆಯನ್ನೂ ಗುಡಿಸಿದ್ದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಪೊರಕೆ ಮುಟ್ಟದವರು ಅಂದು ತಾವಾಗಿ ಗುಡಿಸಿದ್ದರು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ನಗುತ್ತ. ಪುಡಿಯ ಬಣ್ಣ ನೋಡಲು ಒಂದು ಚಿಟಿಕೆಯೂ ನನಗೆ ಉಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಮಶೀನು ಹಿಂದಿರುಗಿಸಲು ಹೋದೆ. ಮಗಳು ಅಪ್ಪನ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಕಿಟಕಿಗೆ ಗ್ರಿಲ್ ಬಂದಿದೆಯಲ್ಲ ಎಂಬ ಧೈರ್ಯ. ಎಷ್ಟೋ ತಿಂಗಳ ಮೇಲೆ ಕೈ ಬೀಸಿಕೊಂಡು ಬೀದಿಯಲ್ಲಿ ನಡೆದೆ.

ಅತ್ತೆ ಬಿಟ್ ಬಿಚ್ಚಿ, ಅದರ ಸುರುಳಿಯ ಸಂದಿಯಲ್ಲಿ ಕಚ್ಚಿಕೊಂಡಿದ್ದ ಧೂಳನ್ನು ಅಭ್ಯಾಸಬಲದಿಂದ ಕರಿಯ ಕಲ್ಲಿನ ಮೇಲೆ ಕೊಡವಿದರು. ಹೆಬ್ಬೆರಳು ಇಟ್ಟವರು ಅಲ್ಲಿಯೇ ನಿಂತರು. ಒಂದು ಹನಿ ನೀರು ಬಿಟ್ಟರು. ಕಲ್ಲಿನ ಮೇಲೆ ಇಟ್ಟಿಗೆಯ ಕೆಂಪು ಹರಡಿತು.

"ನೀ ತಂದ ಪುಡಿ ಬೂದು."

ಕಲ್ಲನ್ನು ನನ್ನ ಕಡೆ ತಳ್ಳಿದರು.

"ಎಲ್ಲಿಂದ ತಂದೆ ಹೇಳು."

"ಕೆಳಗಡೆ ಕಟ್ಟೆಯಿಂದ ಅತ್ತೆ... ಮಗು ಬಿಡಲಿಲ್ಲ..."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಮಗು ಈಗ ಎಲ್ಲಿದೆ?" ಅಂತ ಮಾತ್ರ ಕೇಳಿದರು.

"ಮಲಗಿದೆ. ಕೋಣೇಲಿ."

"ಓಡು."

ಓಡಿದೆ. ಹೊಲಿಗೆಯವನು ಏನೋ ಕೇಳಿದ, ಕೇಳಿಸಲಿಲ್ಲ. ಒಂದು ಚಪ್ಪಲಿ ಮೊದಲ ಮಹಡಿಯಲ್ಲೇ ಉಳಿಯಿತು.

ಬಾಗಿಲು ತಳ್ಳಿದೆ. ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದರು. ಒಂದು ಮೊಳ ದೂರದಲ್ಲಿ, ಮಂಚದ ತಲೆಗಟ್ಟಿನ ಮೇಲೆ ನಿಂತು, ಎರಡು ಕೈಯಲ್ಲೂ ಕಂಬಿ ಹಿಡಿದು, ಮಗಳು ಮೊಣಕಾಲು ಮಡಚಿ ಚಾಚಿ ಜೀಕುತ್ತಿದ್ದಳು. ಮುಂದಕ್ಕೆ, ಹಿಂದಕ್ಕೆ. ಅವಳೊಡನೆ ಗ್ರಿಲ್ಲೂ ಜೀಕುತ್ತಿತ್ತು. ಎಡಗಡೆಯ ಮೇಲಿನ ಬೋಲ್ಟು ಎರಡು ಬೆರಳು ಹೊರಗೆ ಬಂದಿತ್ತು. ಹಾಸಿಗೆಯ ಬಿಳಿ ಹೊದಿಕೆಯ ಮೇಲೆ ಕೆಂಪು ಹರಳು. ನನ್ನನ್ನು ಕಂಡು ಅವಳಿಗೆ ಖುಷಿಯೋ ಖುಷಿ, ಇನ್ನೂ ಜೋರಾಗಿ ಜೀಕಿದಳು.

ಸೊಂಟ ಬಳಸಿ ಹಿಡಿದೆ. ಎತ್ತಿದರೆ ಬರಲಿಲ್ಲ. ಕಂಬಿ ಬಿಡಲೊಲ್ಲಳು. ನಾನೆಳೆದಷ್ಟೂ ಗ್ರಿಲ್ಲಿನ ಕಿವಿ ಗೋಡೆಯಿಂದ ಏಳುತ್ತಿತ್ತು. ಆಗ ಎಳೆಯುವುದನ್ನು ನಿಲ್ಲಿಸಿ, ಅವಳ ಹೊಟ್ಟೆಯನ್ನು ನನ್ನೆದೆಗೆ ಅವಚಿಕೊಂಡು, ಒಂದೊಂದೇ ಬೆರಳು ಬಿಡಿಸಿದೆ. ಹತ್ತು ಬೆರಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಹತ್ತನ್ನೂ ಎಣಿಸಿ ಬರೆದಿದ್ದೆ. ಅಂದು ಎರಡನೆಯ ಸಲ ಎಣಿಸಿದೆ.

ಆಮೇಲೆ ಕಿರುಚಿದೆ. ಗಂಡ ಧಡಕ್ಕನೆ ಎದ್ದು ಕೂತರು. ಗ್ರಿಲ್ಲು, ಬೋಲ್ಟು, ಹಾಸಿಗೆಯ ಮೇಲಿನ ಕೆಂಪು, ಎಲ್ಲ ನೋಡಿದರು.

ಮೆಟ್ಟಿಲ ಮೇಲೆ ಯಾರೋ ಗರಗಸ ಎಳೆದಂಥ ಸದ್ದು. ಒಂದು ಎಳೆತ, ನಿಲುಗಡೆ, ಇನ್ನೊಂದು ಎಳೆತ. ಅದು ಪುಡಿಯತ್ತೆಯ ಉಸಿರು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಅವರು ಹತ್ತಿ ಬರುತ್ತಿದ್ದರು. ಹೋಗಿ ಹಿಡಿದುಕೊಳ್ಳಬೇಕಿತ್ತು. ಮಗುವನ್ನು ಬಿಡುವ ಶಕ್ತಿ ನನಗಿರಲಿಲ್ಲ. ಗಂಡನಿಗೆ ಹೇಳಬಹುದಿತ್ತು; ನಾನೋ ಅವರ ಮೇಲೆ ಹರಿಹಾಯುತ್ತಿದ್ದೆ.

"ಕೆಂಪು ಪುಡಿ ಬರಲಿಲ್ವೇನ್ರೀ? ಕೊರೆಯುವಾಗ ಕಣ್ಣು ಎಲ್ಲಿತ್ತು? ಕಾಣಲಿಲ್ವಾ?"

"ಕಂಡೆ."

"ಕಂಡ್ರಾ? ಕಂಡೂ?"

"ನೀನು ಕಾಂಕ್ರೀಟು ಅಂದಿದ್ದೆಯಲ್ಲ." ಗಂಡನ ದನಿಯಲ್ಲಿ ಸಿಟ್ಟಿರಲಿಲ್ಲ, ದಿಕ್ಕು ತಪ್ಪಿದವರಂತಿದ್ದರು. "ಕೆಂಪಿದೆಯಲ್ಲ ಅಂತ ಅನ್ನಿಸ್ತು. ಆದ್ರೆ ನೀನು ನೋಡಿ ಬಂದಿದೀಯ, ಹೇಳಿದೀಯ. ಅದಕ್ಕಿಂತ ಹೆಚ್ಚು ನನಗೇನು ಗೊತ್ತು ಅಂತ ಕೊರೆದೆ."

ಹೊಸ್ತಿಲ ಹತ್ತಿರ ಸದ್ದು ನಿಂತಿತ್ತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಜಾರಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಅವರು ಗ್ರಿಲ್ಲನ್ನು ನೋಡುತ್ತಿರಲಿಲ್ಲ, ನನ್ನ ಗಂಡನನ್ನು ನೋಡುತ್ತಿದ್ದರು.

"ಹಂಗಾದ್ರೆ ಅವರೂ ಕಂಡಿದ್ರು" ಅಂದರು.

ಗಂಡನಿಗೆ ಏನೂ ಅರ್ಥವಾಗಲಿಲ್ಲ, ನೀರು ತರಲು ಓಡಿದರು. ನನಗೆ ಅರ್ಥವಾಯಿತು. ಮಗಳು ಅತ್ತೆಯನ್ನು ಕಂಡು ಕೈ ಚಾಚಿದಳು, ನಟ್ಟು ಬೇಕೆಂದು.

ಸ್ವಲ್ಪ ಉಸಿರು ಹಿಡಿದ ಮೇಲೆ ಅವರು ಮಂಚದ ಅಂಚಿಗೆ ಬಂದು ಕೂತು, ಗ್ರಿಲ್ಲಿನ ಕೆಳಗಿನ ಕಂಬಿಗೆ ಒಂದು ಕೈ ಹಾಕಿ ಒಳಮುಖವಾಗಿ ಎಳೆದರು. ಹಾಲುಹಲ್ಲಿನಂತೆ ನಾಲ್ಕೂ ಬೋಲ್ಟು ಬಂದವು. ಗಂಡ ಹಿಡಿದುಕೊಂಡರು. ಗೋಡೆಯಲ್ಲಿ ನಾಲ್ಕು ತೂತು, ಪ್ರತಿಯೊಂದರ ಒಳಗೂ ಕತ್ತಲೆ.

"ಪುಡಿ ಸುಳ್ಳಾಡಲಿಲ್ಲ. ಜಾಗ ಸುಳ್ಳು. ಕೆಳಗಿನ ಕಟ್ಟೆ ಕಾಂಕ್ರೀಟೇ. ಮೇಲಿನ ತೊಲೆಯೂ ಕಾಂಕ್ರೀಟೇ ಇರುತ್ತೆ, ನೋಡಿಸು." ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. "ಪಕ್ಕದ ಕಿವಿ ಕತ್ತರಿಸಿ, ಮೇಲೆ ಮೂರು ಕೆಳಗೆ ಮೂರು ಕಿವಿ ಹಾಕ್ಸು. ಅಲ್ಲಿಗೆ ದೊಡ್ಡಪ್ಪನೇ ಬೇಕು. ಆರು ತೂತಿನ ಪುಡಿ ಬೇರೆಬೇರೆ ಕಟ್ಟಿ ತಾ. ನೀನೇ ನಿಂತು ಕಟ್ಟು."

ಅವರನ್ನು ಗಂಡ ಬೆನ್ನ ಮೇಲೆ ಹೊತ್ತು ಇಳಿಸಿದರು. "ಮಗುವಿಗಿಂತ ಹಗುರ ಇದಾರೆ" ಅಂದರು ಬಂದು. ಕಿಟಕಿಗೆ ಹಲಗೆ ಬಡಿದು ಎರಡು ದಿನ ಹಗಲಲ್ಲೂ ದೀಪ ಹಾಕಿಕೊಂಡಿದ್ದೆವು. ವೆಲ್ಡಿಂಗಿನವನು ಕಿವಿ ಬದಲಿಸಿದ. ಈ ಸಲ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬಾಯಿ ಮೂಗಿಗೆ ಬಟ್ಟೆ ಕಟ್ಟಿ, ಮಶೀನಿನ ಕೆಳಗೆ ಕಾಗದ ಹಿಡಿದು ನಿಂತೆ. ಗಂಡ ಒರಗದೆ ಹಿಡಿದರು. ದೊಡ್ಡಪ್ಪ ಹಲ್ಲು ಕಡಿಯುತ್ತ ಹೋದ. ಒಂದೊಂದು ತೂತಿಗೂ ಹೊತ್ತು ಹಿಡಿಯಿತು. ಮೊದಲಿನಿಂದ ಕೊನೆಯ ತನಕ ಬೂದು, ಚೂಪು. ತೂತಿಗೆ ಬಾಯಿಂದ ಊದಲು ಹೋದ ಗಂಡನನ್ನು ತಡೆದು ಮಗುವಿನ ಮೂಗು ಸೀಟುವ ರಬ್ಬರ್ ಬುರುಡೆ ಕೊಟ್ಟೆ.

ಆರು ಪೊಟ್ಟಣ ಒಯ್ದೆ. ಅತ್ತೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಒಂದೊಂದನ್ನೂ ಒರೆದು ನೋಡಿದರು. ಐದನೆಯದನ್ನು ಎರಡು ಸಲ. "ಹಾಕು" ಅಂದರು. "ಹಾಕಿದ ಮೇಲೆ ಹಗ್ಗ ಕಟ್ಟಿ, ಒಳಗೆ ನಿಂತು ಎಳೀರಿ, ಇಬ್ಬರೂ ಸೇರಿ. ಹೊರಗೆ ಬಾಗಿ ಒರಗೋದು ಬೇಡ. ಜೀವ ಇರೋದು ಗ್ಯಾರಂಟಿ ಕಾರ್ಡ್ ಆಗೋಕಲ್ಲ."

ಎಳೆದೆವು. ಅಂಗೈ ಕಿತ್ತುಬರುವ ತನಕ ಎಳೆದೆವು. ಗ್ರಿಲ್ ಮಿಸುಕಲಿಲ್ಲ.

ಅತ್ತೆ ಆ ಕೋಣೆಯಿಂದ ಮತ್ತೆ ಅಂಗಡಿಗೆ ಬರಲಿಲ್ಲ. ಐದು ವಾರ ದಿನಾ ಹೋದೆ. ಗಂಜಿ ಒಯ್ದೆ, ಬೆನ್ನು ನೀವಿದೆ, ತಲೆ ಬಾಚಿದೆ. ಅವರಿಗೆ ಮಕ್ಕಳಿರಲಿಲ್ಲ. ನಲ್ಲಿಯವನು ಒಂದು ದಿನ ಬಂದು ಬಾಗಿಲಲ್ಲೇ ನಿಂತು, "ಅತ್ತೆ, ಬೇಗ ಎದ್ದು ಬನ್ನಿ, ನನ್ನ ತಲೆ ಇನ್ನೂ ಟೊಳ್ಳಾಗೇ ಇದೆ" ಅಂದ. ಅತ್ತೆ ನಗಲು ಹೋಗಿ ಆಗದೆ ಕೈ ಮಾತ್ರ ಆಡಿಸಿದರು. ಅವನು ಬೀದಿಗೆ ಹೋಗಿ ಮುಖ ಒರೆಸಿಕೊಂಡ.

ಒಂದು ದಿನ ತಡೆಯಲಾರದೆ, "ಅತ್ತೆ, ನನ್ನಿಂದ ನಿಮಗೆ..." ಅಂದೆ.

"ಹೌದು, ನಿನ್ನಿಂದಲೇ" ಅಂದರು. ಸಮಾಧಾನ ಹೇಳುವ ಜಾಯಮಾನ ಅವರದಲ್ಲ. ಗಂಜಿ ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ, "ಮಗು ಚೆನ್ನಾಗಿದೆ ತಾನೇ? ಮತ್ತೆ ಸುಮ್ಮನಿರು" ಅಂದರು.

ತಮ್ಮ ಗಂಡನ ವಿಷಯ ಒಂದೇ ಸಲ ಆಡಿದ್ದು. ನಾನು ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. "ಕಾಣಲಿಲ್ಲ ಅಂತಲೇ ಅಂದ್ಕೊಳ್ಳೋಕೆ ನೋಡಿದೆ, ಇಷ್ಟು ವರ್ಷ. ಕಂಡಿದ್ರು. ನಾನು ಹೇಳಿದೀನಿ ಅಂತ ಕೊರೆದ್ರು. ನಿನ್ನ ಗಂಡನ ಹಾಗೇ." ಆಮೇಲೆ ಎಣ್ಣೆ ಸಾಕು ಅಂದರು, ಗೋಡೆಯ ಕಡೆ ತಿರುಗಿದರು. ಅದಾದ ಒಂಬತ್ತನೆಯ ದಿನ, ಬೆಳಗ್ಗೆ ನಾನು ಗಂಜಿ ತೆಗೆದುಕೊಂಡು ಹೋಗುವ ಮೊದಲೇ, ಕೂತಲ್ಲಿಯೇ ಹೋದರು. ಹೊಲಿಗೆಯವನು ನೋಡಿದ್ದು.

ಮಶೀನುಗಳನ್ನು ಅವರ ಅಣ್ಣನ ಮಗ ಬಂದು ಒಯ್ದ. ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಡ್ರಾಯರಿನ ಕೈ ಡ್ರಿಲ್ಲು ಯಾರಿಗೂ ಬೇಕಾಗಿರಲಿಲ್ಲ, ಅದೂ ಆ ದೊಡ್ಡ ನಟ್ಟೂ ನಮ್ಮ ಮನೆಯಲ್ಲಿವೆ. ಮಗಳಿಗೆ ಈಗ ಎರಡು ವರ್ಷ. ದಿನಾ ಗ್ರಿಲ್ ಹಿಡಿದು ನಿಂತು ಬೆಕ್ಕನ್ನು ಕರೆಯುತ್ತಾಳೆ, ಜೀಕುತ್ತಾಳೆ. ಗ್ರಿಲ್ ಗಟ್ಟಿಯಾಗಿದೆ. ಪಕ್ಕದ ಗೋಡೆಯ ನಾಲ್ಕು ತೂತಿಗೆ ಸಿಮೆಂಟು ಮೆತ್ತಿ ಬಣ್ಣ ಹಚ್ಚಿದೆವು, ಬಣ್ಣ ಕೂಡಲಿಲ್ಲ. ನಾಲ್ಕು ಮಚ್ಚೆ ಹಾಗೇ ಇವೆ.

ಗಂಡ ಆ ವಿಷಯ ಎತ್ತಿ ನನ್ನನ್ನು ಒಂದು ದಿನವೂ ಅಂದವರಲ್ಲ. ಒಂದು ಮಾತ್ರ ಬದಲಾಗಿದೆ. ಬೆಳಗ್ಗೆ ವ್ಯಾನಿಗೆ ಹೊರಡುವ ಮುಂಚೆ, "ಗ್ಯಾಸ್ ಆರಿಸಿದೀಯಾ?" ಅನ್ನುತ್ತಾರೆ.

"ಹೂಂ" ಅನ್ನುತ್ತೇನೆ.

ಚಪ್ಪಲಿ ಬಿಚ್ಚಿ ಒಳಗೆ ಹೋಗಿ, ತಾವೇ ನೋಡಿ ಬರುತ್ತಾರೆ. ಅವರು ನೋಡಿ ಬರುವ ತನಕ ನಾನೂ ಬಾಗಿಲಲ್ಲಿ ನಿಂತಿರುತ್ತೇನೆ.